ಸಂಪಿಗೆಯಿಂದ ಸಲಮಿಸ್‌ಗೆ

ತುಮಕೂರಿನಿಂದ ತಿಪಟೂರಿನ ಕಡೆಗೆ ಹೋಗುವ ರೈಲು ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಸಂಪಿಗೆ ರೋಡ್ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಆ ಹೆಸರಿಗೆ ಕಾರಣವಾದ ಸಂಪಿಗೆ ತುರುವೇಕೆರೆ ತಾಲ್ಲೂಕಿನ ಹಳ್ಳಿ. ಶ್ರೀನಿವಾಸ ದೇವರ ಗುಡಿಯಿಂದಾಗಿ ಸುತ್ತಿನ ತೆಂಗಿನ ಸೀಮೆಯವರಿಗೆಲ್ಲ ಗೊತ್ತಿರುವ ಊರು. ಇದೇ ಹಿಂದಿನ ಚಂಪಕನಗರಿ, ಹಂಸಧ್ವಜ ರಾಜನ ರಾಜಧಾನಿ, ವೀರ ಸುಧನ್ವನ ಹುಟ್ಟೂರು ಎಂದು ಇಲ್ಲಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ.

ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಓದಿಸಿ ಕೇಳಿದವರಿಗೆ ಸುಧನ್ವನ ಕತೆ ಹೊಸದಲ್ಲ. ಧರ್ಮರಾಯನ ಅಶ್ವಮೇಧದ ಕುದುರೆಯನ್ನು ಹಂಸಧ್ವಜ ಕಟ್ಟಿಹಾಕುತ್ತಾನೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕಿಸುವುದಾಗಿ ಡಂಗುರ ಹೊಡೆಸುತ್ತಾನೆ. ತಡವಾಗಿ ಬಂದವನು ಅವನ ಸ್ವಂತ ಮಗ. ಆಡಿದ ಮಾತು ನಡೆಯಲೇಬೇಕೆಂದು ಶಂಖ, ಲಿಖಿತರೆಂಬ ಪುರೋಹಿತರು ಪಟ್ಟು ಹಿಡಿಯುತ್ತಾರೆ. ಕೊಪ್ಪರಿಗೆಗೆ ಇಳಿಸಿದರೆ ಹುಡುಗ ಹರಿಸ್ಮರಣೆ ಮಾಡುತ್ತ ಸುಡದೆ ಕುಳಿತಿದ್ದಾನೆ! ಎಣ್ಣೆ ಕಾದಿಲ್ಲವೇನೋ ಎಂಬ ಅನುಮಾನಕ್ಕೆ ಒಂದು ತೆಂಗಿನಕಾಯಿ ಹಾಕಿಸಿ ನೋಡುತ್ತಾರೆ. ಅದು ಸಿಡಿದು ಎರಡು ಹೋಳಾಗಿ ಇಬ್ಬರ ಹಣೆಗೂ ಬಡಿಯುತ್ತದೆ. ತೆಂಗಿನ ಸೀಮೆಯ ಮಕ್ಕಳು ಈ ಭಾಗವನ್ನು ಮರೆಯುವುದುಂಟೆ? ಕೊನೆಗೆ ಸುಧನ್ವ ಅರ್ಜುನನ ಬಾಣಕ್ಕೆ ತಲೆ ಕೊಡುತ್ತಾನೆ, ಅವನ ತೇಜಸ್ಸು ಕೃಷ್ಣನಲ್ಲಿ ಸೇರಿಹೋಗುತ್ತದೆ. ಸತ್ತವನು ಮುಕ್ತನಾದ, ಅಳುವುದಕ್ಕೆ ಏನೂ ಉಳಿಯಲಿಲ್ಲ.

ಅಂಥ ಸಂಪಿಗೆಯಲ್ಲಿ, ತಾಯಿಯ ಕಡೆಯವರ ಮನೆಯಲ್ಲಿ, 1884ರ ಜನವರಿ 3ರಂದು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದರು. ನಮ್ಮೆಲ್ಲರ ಬಿ.ಎಂ.ಶ್ರೀ. ಅಳುವುದಕ್ಕೆ ಏನೂ ಉಳಿಸದ ಈ ಪರಂಪರೆಯೊಳಗೇ, ಮುಕ್ತಿಯಿಂದಲೂ ಮುಚ್ಚಲಾಗದ ದುಃಖ ಅಡಗಿದೆ ಎಂದು ಕಂಡುಕೊಂಡವರು ಅವರು. ಅದನ್ನು ಕಾಣಲು ಅವರು ಗ್ರೀಸಿನವರೆಗೆ ಹೋಗಿಬರಬೇಕಾಯಿತು. ಹಡಗು ಹತ್ತಿ ಹೋದದ್ದಲ್ಲ, ಪುಸ್ತಕ ಹಿಡಿದು ಹೋದದ್ದು. ಕನ್ನಡದಲ್ಲಿ ನಡೆದ ಆವಿಷ್ಕಾರಗಳಲ್ಲಿ ಇದು ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ. ಹೊಸಗನ್ನಡದ ಭಾವಗೀತೆಗೆ ದಾರಿ ಮಾಡಿದ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ಅವರ ಮೂರು ನಾಟಕಗಳನ್ನು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಮುಗಿಸಿಬಿಡುವ ವಾಡಿಕೆ ನನಗೆ ಸಂಕಟ ತರುತ್ತದೆ.

ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಮಗ ಬೆಳೆದದ್ದು ಅಲ್ಲಿ, ಹಾಳುಬಿದ್ದ ಕೋಟೆಯ ಮಗ್ಗುಲಿನಲ್ಲಿ. ಓದು ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ. ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. 1911ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಭಾಷಣ ಮಾಡಿದರು. ಇಂಗ್ಲಿಷ್ ಓದಿದ ಬುದ್ಧಿವಂತರು ಕನ್ನಡದ ಕಡೆ ತಿರುಗಿಯೂ ನೋಡದ ಕಾಲ ಅದು. ತರಗತಿಯಲ್ಲಿ ಅವರು ಪಾಠ ಹೇಳುತ್ತಿದ್ದದ್ದು ಷೇಕ್ಸ್‌ಪಿಯರ್, ಮಿಲ್ಟನ್‌ರಂಥವರನ್ನು. ಅವರ ಬೇರನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಗ್ರೀಕರು.

ಗ್ರೀಕರಲ್ಲಿ ನಾಟಕ ಎಂದರೇನು ಎಂಬುದನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಅದು ಊರಹಬ್ಬ. ವಸಂತದ ಹೊತ್ತಿಗೆ ಡಯೊನೈಸಸ್ ದೇವರ ಉತ್ಸವ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಜನ ಕೂಡುತ್ತಿದ್ದರು. ಆಟ ನಡೆಯುತ್ತಿದ್ದದ್ದು ಹಗಲಿನಲ್ಲಿ. ಮೂವರು ಕವಿಗಳ ನಡುವೆ ಪಂದ್ಯ. ಒಬ್ಬೊಬ್ಬರದು ಮೂರು ಗಂಭೀರ ನಾಟಕ, ಅದರ ಮೇಲೊಂದು ನಗೆಯಾಟ. ಪಾತ್ರಧಾರಿಗಳಿಗೆಲ್ಲ ಮುಖವಾಡ. ಹಾಡಿ ಕುಣಿಯುವ ಮೇಳದ ಖರ್ಚನ್ನು ಊರಿನ ಸಿರಿವಂತನೊಬ್ಬ ಹೊರಬೇಕಾಗಿತ್ತು, ಅದು ಪ್ರಜೆಯಾಗಿ ಅವನ ಕರ್ತವ್ಯ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗರು ಪ್ರಾಯಕ್ಕೆ ಬಂದಾಗ ಆ ಹಬ್ಬದಲ್ಲೇ ಅವರನ್ನು ಜನರ ಮುಂದೆ ಮೆರವಣಿಗೆ ಮಾಡುತ್ತಿದ್ದರು. ಅಷ್ಟು ಜನ ಕುಳಿತು ನೋಡುತ್ತಿದ್ದದ್ದಾದರೂ ಏನನ್ನು? ದೊಡ್ಡ ಮನುಷ್ಯನೊಬ್ಬ ತನ್ನದೇ ಒಂದು ತಪ್ಪಿನಿಂದ, ತನ್ನ ದೊಡ್ಡತನದಿಂದಲೇ, ನೆಲಕ್ಕುರುಳುವುದನ್ನು. ಕೊನೆಗೆ ಯಾವ ದೇವರೂ ಅವನನ್ನು ತನ್ನೊಳಗೆ ಸೇರಿಸಿಕೊಳ್ಳಬೇಕೆಂದಿಲ್ಲ.

ನಮ್ಮ ಸೀಮೆಯ ಮೂಡಲಪಾಯದ ಆಟವನ್ನು ಕಂಡವರಿಗೆ ಇದರಲ್ಲಿ ಅರ್ಧ ಪರಿಚಿತ. ಊರ ಜನರೇ ಕಟ್ಟಿದ ಆಟ, ಊರ ಬಯಲು, ಭಾಗವತರು, ಮೇಳ, ಮುಖವೀಣೆ, ಮದ್ದಳೆ. ರಾತ್ರಿಯಿಡೀ ಕಾಳಗ, ಅಬ್ಬರ, ಹೆಣಗಳ ಮೇಲೆ ಹೆಣ. ಆದರೆ ಬೆಳಗಿನ ಜಾವಕ್ಕೆ ಮಂಗಳ ಹಾಡಲೇಬೇಕು. ಸಂಸ್ಕೃತ ನಾಟಕದಲ್ಲೂ ಅಷ್ಟೇ: ರಂಗದ ಮೇಲೆ ಸಾವು ಕೂಡದು, ಕೊನೆಯಲ್ಲಿ ಭರತವಾಕ್ಯ. 1909ರಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ತಿರುವಾಂಕೂರು ಸೀಮೆಯ ಮಠವೊಂದರಲ್ಲಿ ಭಾಸನವೆಂದು ಹೇಳಲಾದ ನಾಟಕಗಳ ತಾಳೆಯೋಲೆ ದೊರೆತು, 1912ರಿಂದ ಅವು ಅಚ್ಚಾಗತೊಡಗಿದಾಗ ಪಂಡಿತರು ಬೆರಗಾದದ್ದು ಇದಕ್ಕೇ. ಅವುಗಳಲ್ಲಿದ್ದ ‘ಊರುಭಂಗ’ದಲ್ಲಿ ದುರ್ಯೋಧನ ಎಲ್ಲರ ಕಣ್ಣೆದುರು ಪ್ರಾಣ ಬಿಡುತ್ತಾನೆ. ಒಡೆದ ತೊಡೆಯ ಮೇಲೆ ಕೂರಲು ಬಂದ ಮಗನಿಗೆ ಅವನು ಜಾಗ ಕೊಡಲಾರದ ದೃಶ್ಯವನ್ನು ಓದಿದವರಾರೂ ಆ ಸಂಕಟವನ್ನು ಮರೆಯಲಾರರು. ಹಾಗಾದರೆ ಅಂಥ ನಾಟಕ ನಮ್ಮಲ್ಲೂ ಇತ್ತು. ಇದ್ದದ್ದು ಕಾಣದೆ ಹೋಗಿತ್ತು.

ಬಿ.ಎಂ.ಶ್ರೀ ಹುಡುಕಿದ್ದು ಕನ್ನಡ ಕಾವ್ಯಗಳಲ್ಲಿ. ನಾಗಚಂದ್ರನ ಜೈನ ರಾಮಾಯಣದ ರಾವಣನನ್ನು ದುರಂತ ನಾಯಕನೆಂದು ಇಂಗ್ಲಿಷ್ ಪ್ರಬಂಧವೊಂದರಲ್ಲಿ ಅವರು ಎತ್ತಿ ತೋರಿಸಿದರು. ಆ ರಾವಣ ರಾಕ್ಷಸನಲ್ಲ, ವ್ರತನಿಷ್ಠ, ಸಂಯಮಿ. ಸೀತೆಯನ್ನು ಕಂಡ ಒಂದು ಗಳಿಗೆಯಲ್ಲಿ ಮನಸ್ಸು ಜಾರುತ್ತದೆ. ಆಮೇಲೆ ಪಶ್ಚಾತ್ತಾಪ ಹುಟ್ಟುತ್ತದೆ, ಅವಳನ್ನು ಒಪ್ಪಿಸಿಬಿಡಬೇಕೆಂದು ಒಳಗೊಳಗೇ ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟ ಎಂದಾರು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದೇ ಕೊಡುತ್ತೇನೆ ಎಂದು ರಣರಂಗಕ್ಕೆ ಹೋಗುತ್ತಾನೆ, ಸಾಯುತ್ತಾನೆ. ಬುದ್ಧಿ ಬಂದ ಮೇಲೂ ಅಭಿಮಾನ ಬಿಡಲಿಲ್ಲ. ಇದನ್ನು ಅಥೆನ್ಸಿನ ಇಳಿಜಾರಿನಲ್ಲಿ ಆಡಿಸಿದ್ದರೆ ಅಲ್ಲಿನವರಿಗೆ ಯಾವ ವಿವರಣೆಯೂ ಬೇಕಾಗುತ್ತಿರಲಿಲ್ಲ.

ಮುಂದೆ ರನ್ನ. ಮುಧೋಳದ ಬಳೆಗಾರರ ಮನೆಯ ಹುಡುಗ, ಚಾಳುಕ್ಯರ ಆಸ್ಥಾನ ಕವಿ. ಅವನ ‘ಗದಾಯುದ್ಧ’ದ ನಾಯಕ ಭೀಮ, ಭೀಮನೆಂದರೆ ಅವನ ದೊರೆ ಸತ್ಯಾಶ್ರಯ. ಆದರೆ ಕಾವ್ಯ ಓದುತ್ತ ಹೋದವರ ಮನಸ್ಸು ಭೀಮನ ಕಡೆ ನಿಲ್ಲುವುದಿಲ್ಲ. ರಣಭೂಮಿಯಲ್ಲಿ ಹೆಣಗಳ ನಡುವೆ ಕಾಲಿಡುತ್ತ ನಡೆಯುವ ದುರ್ಯೋಧನನ ಹಿಂದೆಯೇ ಹೋಗುತ್ತದೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಮಗ ಲಕ್ಷಣಕುಮಾರನ ಹೆಣ, ಕರ್ಣನ ಹೆಣ. ಒಂದೊಂದರ ಮುಂದೆಯೂ ನಿಂತು ಅವನು ಗೋಳಾಡುವಾಗ, ಈ ‘ಛಲದಂಕಮಲ್ಲ’ನನ್ನು ಕವಿ ತನಗರಿವಿಲ್ಲದೆಯೇ ದೊಡ್ಡವನನ್ನಾಗಿ ಮಾಡಿದನೋ ಅಥವಾ ಅರಿತೇ ಮಾಡಿದನೋ ಎಂದು ಇಂದಿಗೂ ಚರ್ಚೆ ನಡೆಯುತ್ತದೆ. ಕಂಚುಕಿ, ವಿದೂಷಕ, ಮಾತಿಗೆ ಮಾತು ಕೊಡುವ ಸಂಭಾಷಣೆ ಎಲ್ಲ ಇರುವುದರಿಂದ, ಇದು ಕಾವ್ಯದ ಉಡುಪು ತೊಟ್ಟ ನಾಟಕ ಎಂದು ವಿದ್ವಾಂಸರಿಗೆ ಅನಿಸಿದ್ದುಂಟು. ಬಿ.ಎಂ.ಶ್ರೀ ಆ ಉಡುಪನ್ನು ಬಿಚ್ಚಿದರು. ರನ್ನನ ಪದ್ಯಗಳನ್ನೇ ಆಯ್ದು, ಜೋಡಿಸಿ, 1926ರಲ್ಲಿ ‘ಗದಾಯುದ್ಧ ನಾಟಕಂ’ ಹೊರತಂದರು. ದೊರೆಯನ್ನು ಮೆಚ್ಚಿಸಬೇಕಾದ ಹಂಗು ರನ್ನನಿಗಿತ್ತು, ಇವರಿಗಿರಲಿಲ್ಲ. ನಾಟಕ ದುರ್ಯೋಧನನದಾಯಿತು.

ಇಲ್ಲಿಗೆ ನಿಲ್ಲಿಸಿದ್ದರೂ ದೊಡ್ಡ ಕೆಲಸವೇ. ಆದರೆ 1929ರ ‘ಅಶ್ವತ್ಥಾಮನ್’ ಬಂದದ್ದು ಬೇರೆ ದಿಕ್ಕಿನಿಂದ. ಇದಕ್ಕೆ ಹಿನ್ನೆಲೆ ಸೊಫೊಕ್ಲಿಸ್‌ನ ‘ಅಜಾಕ್ಸ್’.

ಅಜಾಕ್ಸ್ ಸಲಮಿಸ್ ದ್ವೀಪದ ರಾಜಕುಮಾರ, ಟ್ರಾಯ್ ಯುದ್ಧದಲ್ಲಿ ಅಕಿಲಿಸ್‌ನ ನಂತರದ ವೀರ. ಅಕಿಲಿಸ್ ಸತ್ತ ಮೇಲೆ ಅವನ ಕವಚ, ಆಯುಧಗಳು ತನಗೇ ಸಲ್ಲಬೇಕೆಂದು ಕಾದಿದ್ದವನು. ಕೊಟ್ಟದ್ದು ಮಾತುಗಾರ ಒಡಿಸಿಯಸ್‌ಗೆ. ಅವಮಾನದಿಂದ ಕುದಿದು, ರಾತ್ರಿ ಕತ್ತಿ ಹಿಡಿದು, ತನ್ನವರೇ ಆದ ದಂಡನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಮಂಕು ಕವಿಸುತ್ತಾಳೆ. ಕೊಚ್ಚಿಹಾಕಿದ್ದು ಸೈನ್ಯದ ದನಕುರಿಗಳನ್ನು. ಬೆಳಗಾಗಿ ಮಂಕು ಹರಿದಾಗ ರಕ್ತದ ಮಡುವಿನ ನಡುವೆ ಕುಳಿತಿದ್ದಾನೆ. ಸೆರೆಯಿಂದ ಬಂದು ಮಡದಿಯಾದ ಟೆಕ್ಮೆಸ್ಸ ಬೇಡಿಕೊಳ್ಳುತ್ತಾಳೆ, ಎಳೆಯ ಮಗನನ್ನು ತಂದು ತೋರಿಸುತ್ತಾರೆ. ಯಾವುದೂ ಅವನನ್ನು ತಡೆಯುವುದಿಲ್ಲ. ಕಡಲ ದಡಕ್ಕೆ ಹೋಗಿ, ಶತ್ರು ಹೆಕ್ಟರ್ ಕಾಣಿಕೆಯಾಗಿ ಕೊಟ್ಟಿದ್ದ ಕತ್ತಿಯನ್ನು ಮರಳಿನಲ್ಲಿ ನೆಟ್ಟು ಅದರ ಮೇಲೆ ಬೀಳುತ್ತಾನೆ. ಅಲ್ಲಿಗೆ ನಾಟಕ ಮುಗಿಯುವುದಿಲ್ಲ. ಹೆಣಕ್ಕೆ ಮಣ್ಣು ಕೊಡಬೇಕೆ ಬೇಡವೆ ಎಂಬ ಜಗಳ ಹೆಚ್ಚುಕಡಿಮೆ ಉಳಿದರ್ಧವನ್ನೆಲ್ಲ ತುಂಬುತ್ತದೆ. ಕೊನೆಗೆ ಮಣ್ಣು ಕೊಡಿಸುವವನು ಹಗೆಯಾಗಿದ್ದ ಒಡಿಸಿಯಸ್‌ನೇ.

ಇದನ್ನು ಓದುತ್ತ ಬಿ.ಎಂ.ಶ್ರೀ ಅವರಿಗೆ ಕಂಡದ್ದು ದ್ರೋಣನ ಮಗ. ಹೋಲಿಕೆ ಒಂದೆರಡಲ್ಲ. ಇಬ್ಬರಿಗೂ ಆಗಿರುವುದು ನಿಜವಾದ ಅನ್ಯಾಯ: ಒಬ್ಬನಿಗೆ ಸಲ್ಲಬೇಕಾದ ಆಯುಧ ಸಲ್ಲಲಿಲ್ಲ, ಇನ್ನೊಬ್ಬನ ತಂದೆಯನ್ನು ಅವನದೇ ಹೆಸರಿನ ಸುಳ್ಳು ಹೇಳಿ ಕೊಂದರು. ಇಬ್ಬರೂ ಕತ್ತಿ ಹಿಡಿದದ್ದು ರಾತ್ರಿಯಲ್ಲಿ. ಇಬ್ಬರ ಮೈಮೇಲೂ ದೈವದ ಆವೇಶ. ಇಬ್ಬರೂ ಕೊಂದದ್ದು ಕೊಲ್ಲಬೇಕೆಂದಿದ್ದವರನ್ನಲ್ಲ. ಆದರೆ ಒಂದು ವ್ಯತ್ಯಾಸವಿದೆ, ಕನ್ನಡ ನಾಟಕದ ತೂಕವೆಲ್ಲ ಇರುವುದು ಅಲ್ಲೇ ಎಂದು ನನ್ನ ಭಾವನೆ. ಅಜಾಕ್ಸ್ ಕೊಂದದ್ದು ಕುರಿಗಳನ್ನು, ಅವನಿಗಾದದ್ದು ನಗೆಪಾಟಲು. ಅಶ್ವತ್ಥಾಮ ಕೊಂದದ್ದು ಮಲಗಿದ್ದ ಮಕ್ಕಳನ್ನು, ದ್ರೌಪದಿಯ ಐವರನ್ನು. ಕುರಿ ಕೊಂದವನ ಮೇಲೆ ಕರುಣೆ ಹುಟ್ಟಿಸುವುದು ಗ್ರೀಕ್ ಕವಿಗೆ ಕಷ್ಟವಾಗಲಿಲ್ಲ. ಮಕ್ಕಳನ್ನು ಕೊಂದವನಿಗಾಗಿ ಮರುಗಿ ಎಂದು ಮಹಾಭಾರತ ಕೇಳಿ ಬೆಳೆದ ಜನರ ಮುಂದೆ ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು!

ಪಾತ್ರಗಳನ್ನು ಹೇಗೆ ಕೂಡಿಸಿದರು ಎಂಬುದನ್ನು ಹತ್ತಿರದಿಂದ ನೋಡಿ. ಟೆಕ್ಮೆಸ್ಸಳ ಜಾಗದಲ್ಲಿ ಅಶ್ವತ್ಥಾಮನ ಹೆಂಡತಿ ಭಾರ್ಗವಿ. ಅಜಾಕ್ಸನ ಮಗನ ಜಾಗದಲ್ಲಿ ಎಳೆಯ ರುದ್ರಶಕ್ತಿ. ಇವೆರಡು ಯಾರಿಗಾದರೂ ಹೊಳೆಯಬಹುದಾಗಿತ್ತು. ಮೂರನೆಯದು ಹಾಗಲ್ಲ. ಗ್ರೀಕ್ ನಾಟಕದಲ್ಲಿ ಅಣ್ಣನ ಹೆಣ ಕಾಯುವವನು ಟ್ಯೂಸರ್. ತಂದೆ ಒಬ್ಬನೇ, ತಾಯಿ ಟ್ರಾಯ್‌ನಿಂದ ಸೆರೆ ತಂದ ಹೆಣ್ಣು. ಟ್ಯೂಸರ್ ಬಿಲ್ಲುಗಾರ, ಬಿಲ್ಲು ಹಿಡಿದವನು ನಿಜವಾದ ವೀರನೇ, ಸೆರೆಯವಳ ಮಗನಿಗೆ ಇಷ್ಟೊಂದು ಬಾಯೇ ಎಂದು ದೊರೆಗಳು ಅವನನ್ನು ಮೂದಲಿಸುತ್ತಾರೆ. ಆದರೂ ಅವನು ಹೆಣವನ್ನು ಬಿಟ್ಟುಕೊಡುವುದಿಲ್ಲ.

ಕೀಳೆನಿಸಿಕೊಂಡ ಬಿಲ್ಲುಗಾರ, ಸ್ವಾಭಿಮಾನಿ. ಮಹಾಭಾರತದಲ್ಲಿ ಅಂಥವನು ಯಾರು? ಬಿ.ಎಂ.ಶ್ರೀ ತಂದು ನಿಲ್ಲಿಸಿದ್ದು ಏಕಲವ್ಯನನ್ನು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕುಳಿತೆ. ದ್ರೋಣ ಏಕಲವ್ಯನಿಗೆ ವಿದ್ಯೆ ಹೇಳಿಕೊಡಲಿಲ್ಲ. ಹೇಳಿಕೊಡದೆಯೇ ಹೆಬ್ಬೆರಳು ಕೇಳಿದ. ಆ ದ್ರೋಣನ ಮಗನ ಪಕ್ಕದಲ್ಲಿ ನಿಂತಿರುವವನು ಹೆಬ್ಬೆರಳಿಲ್ಲದ ಏಕಲವ್ಯ. ಟ್ಯೂಸರ್‌ಗಾದರೂ ರಕ್ತಸಂಬಂಧವಿತ್ತು. ಏಕಲವ್ಯನಿಗೆ ಇದ್ದದ್ದು ಗುರುವೆಂದು ತಾನೇ ಒಪ್ಪಿಕೊಂಡ ಸಂಬಂಧ ಮಾತ್ರ, ಅದೂ ಬೆರಳು ತಿಂದ ಸಂಬಂಧ. ಸೊಫೊಕ್ಲಿಸ್‌ನ ಮೂಲದಲ್ಲಿ ಇಲ್ಲದ ನೋವು ಇದು. ವ್ಯಾಸರಲ್ಲೂ ಈ ಸನ್ನಿವೇಶವಿಲ್ಲ. ಎರಡನ್ನೂ ಎದುರುಬದುರು ಹಿಡಿದವರ ಕಣ್ಣಿಗೆ ಮಾತ್ರ ಬೀಳುವಂಥದ್ದು. ಗ್ರೀಕ್ ನಾಟಕವನ್ನು ತಂದದ್ದು ಎಂದು ಇದನ್ನು ಕರೆದರೆ ಸಾಲದು. ನಮ್ಮ ಭಾರತದಲ್ಲಿ ತೆರೆಯದೆ ಉಳಿದಿದ್ದ ಒಂದು ಬಾಗಿಲು ಆ ನಾಟಕದಿಂದ ತೆರೆಯಿತು.

ಪಂಡಿತರು ಕೆರಳಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಅಶ್ವತ್ಥಾಮ ಏಳು ಚಿರಂಜೀವಿಗಳಲ್ಲಿ ಒಬ್ಬ. ಅವನು ಸಾಯುವುದೆಂದರೇನು? ಅಜಾಕ್ಸನಂತೆ ಈ ಅಶ್ವತ್ಥಾಮನೂ ತನ್ನ ಕೈಯಾರೆ ಪ್ರಾಣ ಬಿಡುತ್ತಾನೆ. ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಸಾವಿಲ್ಲದೆ, ವಾಸಿಯಾಗದ ಗಾಯ ಹೊತ್ತು, ಕಾಡಿನಲ್ಲಿ ಅಲೆಯುತ್ತಿರು ಎಂಬ ಕೃಷ್ಣನ ಶಾಪ ಮರಣಕ್ಕಿಂತ ಭೀಕರ. ವ್ಯಾಸರ ಆ ಕಲ್ಪನೆಯನ್ನು ಕೈಬಿಟ್ಟದ್ದರಿಂದ ಕಳೆದುಹೋದದ್ದು ಸಣ್ಣದಲ್ಲ. ಆದರೂ ನಾನು ಬಿ.ಎಂ.ಶ್ರೀ ಅವರ ಕಡೆಯವನು. ಶಾಪವನ್ನು ಬೇರೆಯವರು ಕೊಡುತ್ತಾರೆ. ಈ ನಾಟಕದ ಅಶ್ವತ್ಥಾಮ ತನ್ನ ತೀರ್ಪನ್ನು ತಾನೇ ಕೊಟ್ಟುಕೊಳ್ಳುತ್ತಾನೆ. ತಪ್ಪು ತನ್ನದೆಂದು ಅರಿತ ಮನುಷ್ಯನಿಗೆ ಆ ಘನತೆಯನ್ನು ಕೊಟ್ಟದ್ದೇ ಗ್ರೀಕರಿಂದ ನಮಗೆ ಬಂದ ದೊಡ್ಡ ಕಾಣಿಕೆ.

ಭಾಷೆ ಹಳಗನ್ನಡ. ರಗಳೆಯ ನಡೆಯನ್ನು ಇಟ್ಟುಕೊಂಡು ಪ್ರಾಸದ ಕಟ್ಟನ್ನು ಬಿಡಿಸಿದ ಸಾಲುಗಳು. ಇಂದಿನ ಓದುಗರಿಗೆ ಮೊದಲ ಹತ್ತು ಪುಟ ಬಿಗಿ ಎನಿಸುತ್ತದೆ, ನಿಜ. ಗಟ್ಟಿಯಾಗಿ ಓದಿಕೊಂಡರೆ ಬಿಗಿ ಸಡಿಲುತ್ತದೆ. ಬಿ.ಎಂ.ಶ್ರೀ ಹುಟ್ಟಿದ 1884ರಲ್ಲೇ, ಸಂಪಿಗೆಗೆ ಬಹಳ ದೂರವಲ್ಲದ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಆ ಸಂಘದ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಒಂದೇ ಸೀಮೆ, ಒಂದೇ ಕಾಲ, ಒಂದೇ ಮಹಾಭಾರತ. ಒಂದು ಕಡೆ ಜನಸಾಗರ, ಇನ್ನೊಂದು ಕಡೆ ಕಾಲೇಜಿನ ಕೋಣೆಯಲ್ಲಿ ಬರೆದ ಹಳಗನ್ನಡದ ನಾಟಕ. ಎರಡೂ ಒಂದು ರಂಗದಲ್ಲಿ ಕೂಡಲಿಲ್ಲವಲ್ಲ ಎಂಬ ಕೊರಗು ನನಗಿದೆ.

1935ರಲ್ಲಿ ಮೂರನೆಯದು, ‘ಪಾರಸಿಕರು’. ಈಸ್ಕಿಲಸ್‌ನ ಮೂಲ ಕ್ರಿ.ಪೂ. 472ರದು; ಉಳಿದುಬಂದಿರುವ ಗ್ರೀಕ್ ನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದೆಂದು ಎಣಿಸುವಂಥದ್ದು. ಇಲ್ಲೂ ಬರುವುದು ಸಲಮಿಸ್. ಕ್ರಿ.ಪೂ. 480ರಲ್ಲಿ ಪರ್ಷಿಯದ ಚಕ್ರವರ್ತಿ ಕ್ಸರ್‌ಕ್ಸೀಸ್‌ನ ನೌಕಾಬಲವನ್ನು ಗ್ರೀಕರು ಆ ದ್ವೀಪದ ಇಕ್ಕಟ್ಟಾದ ಕಡಲಿನಲ್ಲಿ ಮುರಿದರು. ಯುದ್ಧಕ್ಕೆ ಮುಂಚೆ ಅವರು ಕೈಮುಗಿದು ಕರೆದ ವೀರರಲ್ಲಿ ಸಲಮಿಸಿನ ಅಜಾಕ್ಸನೂ ಒಬ್ಬ ಎಂದು ಹೆರೊಡೊಟಸ್ ಬರೆದಿದ್ದಾನೆ. ಈಸ್ಕಿಲಸ್ ಸ್ವತಃ ಪರ್ಷಿಯನ್ನರ ಎದುರು ಹೋರಾಡಿದವನು. ಆದರೂ ಗೆದ್ದವರ ಜಯಘೋಷ ಬರೆಯಲಿಲ್ಲ. ನಾಟಕ ನಡೆಯುವುದು ಸೋತವರ ರಾಜಧಾನಿಯಲ್ಲಿ. ಕೆಟ್ಟ ಕನಸು ಕಂಡ ರಾಜಮಾತೆ, ಸುದ್ದಿ ತಂದ ದೂತ, ಗೋರಿಯಿಂದೆದ್ದು ಬರುವ ಹಿಂದಿನ ದೊರೆ ಡೇರಿಯಸ್‌ನ ಪ್ರೇತ, ಕೊನೆಗೆ ಹರಿದ ಬಟ್ಟೆಯಲ್ಲಿ ಬಂದು ಎದೆ ಬಡಿದುಕೊಳ್ಳುವ ಚಕ್ರವರ್ತಿ. ಎಂಟು ವರ್ಷದ ಹಿಂದೆ ತಮ್ಮ ಊರನ್ನೇ ಸುಟ್ಟವರ ದುಃಖವನ್ನು ಅಥೆನ್ಸಿನವರು ಕುಳಿತು ನೋಡಿದರು, ಮೊದಲ ಬಹುಮಾನವನ್ನೂ ಕೊಟ್ಟರು. ರಣಭೂಮಿಯಲ್ಲಿ ದುರ್ಯೋಧನನ ಹಿಂದೆ ನಡೆದವರು, ಅಶ್ವತ್ಥಾಮನಿಗಾಗಿ ಮರುಗಿದವರು ಈ ನಾಟಕಕ್ಕೆ ಬಂದು ಸೇರಿದ್ದು ಆಕಸ್ಮಿಕವೇನಲ್ಲ. ಮೂರರಲ್ಲೂ ಕವಿ ಕುಳಿತಿರುವುದು ಸೋತವರ ಮನೆಯಲ್ಲಿ.

ಈ ದಾರಿಯಲ್ಲಿ ಬೇರೆಯವರೂ ನಡೆದರು. ಕುವೆಂ‍ಪು 1931ರಲ್ಲಿ ‘ಸ್ಮಶಾನ ಕುರುಕ್ಷೇತ್ರಂ’ ಬರೆದರು, 1947ರ ‘ಬೆರಳ್‌ಗೆ ಕೊರಳ್’ನಲ್ಲಿ ಏಕಲವ್ಯನನ್ನೇ ನಡುವೆ ನಿಲ್ಲಿಸಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರು ರನ್ನನ ಕಾವ್ಯದ ಸಂಗ್ರಹವನ್ನು ವಿದ್ಯಾರ್ಥಿಗಳ ಕೈಗಿತ್ತರು. ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ, ಅಳಿಸುವ ಕಾವ್ಯ ಯಾಕೆ ಆನಂದ ಕೊಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರ ಬಾಯಿಂದಲೇ ಬಿಡಿಸಿಟ್ಟರು. ತೆಂಗಿನ ಸೀಮೆಯ ಇಬ್ಬರು ಶ್ರೀಕಂಠಯ್ಯಂದಿರು ಈ ಒಂದು ಪ್ರಶ್ನೆಯ ಎರಡು ತುದಿ ಹಿಡಿದದ್ದು ನನಗೆ ಹೆಮ್ಮೆಯ ವಿಷಯ. ಕೆ.ವಿ. ರಾಘವಾಚಾರ್ಯರು ಸೊಫೊಕ್ಲಿಸ್‌ನ ನಾಟಕಗಳನ್ನು ಕನ್ನಡಕ್ಕೆ ತಂದರು. ಲಂಕೇಶರು ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ಗಳನ್ನು ಆಡುಮಾತಿಗೆ ತಂದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರು ಈಡಿಪಸ್‌ನನ್ನು ಆಡಿಸಿದಾಗ ಜನ ಕಿಕ್ಕಿರಿದು ನೋಡಿದರು.

‘ಅಶ್ವತ್ಥಾಮನ್’ಗೆ ಅಂಥ ಬಯಲು ಇನ್ನೂ ಸಿಗಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮೂಡಲಪಾಯದ ಮೇಳಗಳೇ ಅದನ್ನು ಎತ್ತಿಕೊಳ್ಳಬೇಕೆಂದು ನನ್ನ ಆಸೆ. ಗ್ರೀಕ್ ಮೇಳದ ಹಾಡುಗಳಿಗೆ ಭಾಗವತರಿದ್ದಾರೆ, ಮುಖವೀಣೆಯಿದೆ. ಭಾರ್ಗವಿಯ ಗೋಳಿಗೆ ಹೊಂದುವ ಧಾಟಿಗಳು ಬಾಯಲ್ಲಿವೆ. ಏಕಲವ್ಯನ ಪಾತ್ರವನ್ನು ಪಳಗಿದ ಬಣ್ಣದ ವೇಷಧಾರಿಗೇ ಕೊಡಬೇಕು. ದೀರ್ಘ ಮಾತುಗಳನ್ನು ಒಂದೇ ಉಸಿರಿನಲ್ಲಿ ಎತ್ತಿ ಇಳಿಸುವ ಗಂಟಲು ಅವರಿಗಿದೆ, ಹಳಗನ್ನಡಕ್ಕೆ ಬೇಕಾದದ್ದು ಅದೇ.